ನೆನೆಯದ ಕಾಗದ

"ಈ ಮೂಲಕ ಸಮಸ್ತ ಸದಸ್ಯರ ಗಮನಕ್ಕೆ ತರುವುದೇನೆಂದರೆ, ಗಂಡಸರ ಸ್ನಾನದ ಮನೆಯ ಎರಡನೇ ಶವರಿನ ಕೆಳಗಿದ್ದ ಸೋಪಿನ ಪೆಟ್ಟಿಗೆಯನ್ನು, ಆಡಳಿತ ಮಂಡಳಿಯ ಮೂರು ಸಭೆಗಳ ಸುದೀರ್ಘ ಚರ್ಚೆಯ ನಂತರ, ಎಡಗೋಡೆಯಿಂದ ಬಲಗೋಡೆಗೆ ಸ್ಥಳಾಂತರಿಸಲಾಗಿದೆ. ಈ ಬದಲಾವಣೆಗೆ ಎಲ್ಲರೂ ಹೊಂದಿಕೊಂಡು ಸಹಕರಿಸಬೇಕಾಗಿ ಕೋರಿಕೆ."

ಮೂರು ಸಭೆ ಅವರದು, ಮೂರು ಸ್ಕ್ರೂ ನನ್ನದು. ತಿರುಗಿಸಿ ತಿರುಗಿಸಿ ಅಂಗೈ ಬೊಕ್ಕೆ ಎದ್ದದ್ದೂ ನನ್ನದೇ. ಈಗ ಆ ಘನಕಾರ್ಯದ ನೋಟೀಸನ್ನು ಬೋರ್ಡಿಗೆ ಅಂಟಿಸುವ ಭಾಗ್ಯವೂ ನನಗೇ ಬಂದಿತ್ತು.

"ಏಯ್ ಬ್ರಷ್ಷು, ಅಂಟಿಸೋಕೆ ಕೊಟ್ರೆ ಓದ್ಕೊಂಡು ನಿಂತಿದೀಯಲ್ಲ," ಮ್ಯಾನೇಜರ್ ತನ್ನ ಕೋಣೆಯಿಂದಲೇ ಕೂಗಿದ. "ಅದೇನು ನಿಂಗೆ ಬರೆದಿರೋ ಲವ್ ಲೆಟ್ರಾ? ಸದಸ್ಯರಿಗೆ ಕಣೇ ಅದು. ಅಂಟಿಸಿ ಹೋಗಿ ಟೈಲ್ಸ್ ಉಜ್ಜು."

ಬ್ರಷ್ಷು ಅಂತ ಹೆಸರಿಟ್ಟವನು ಅವನೇ. ಏಳು ವರ್ಷದಿಂದ ಈ ಸಮುದಾಯ ಕ್ರೀಡಾ ಕೇಂದ್ರದಲ್ಲಿ ಮಂಡಿಯೂರಿ ಕೊಳದ ಅಂಚು ಉಜ್ಜುತ್ತಿದ್ದೇನೆ. ಇಲ್ಲಿ ಎರಡು ಕೊಳ. ದೊಡ್ಡದರಲ್ಲಿ ತಣ್ಣೀರು, ಚಿಕ್ಕವರು ಈಜುತ್ತಾರೆ. ಚಿಕ್ಕದರಲ್ಲಿ ಬೆಚ್ಚಗಿನ ನೀರು, ದೊಡ್ಡ ಮನುಷ್ಯರು ಮಂಡಿನೋವು ನೆನೆಹಾಕುತ್ತಾರೆ.

ಸೋಪಿನ ನೋಟೀಸಿನ ಅಡಿಯಲ್ಲಿ ಇನ್ನೊಂದು ಹಾಳೆಯಿತ್ತು. 'ಕಷ್ಟದಲ್ಲಿರುವ ಕುಟುಂಬಗಳಿಗೆ ನೆರವು, ಎರಡನೇ ವರ್ಷ. ಸದಸ್ಯತ್ವದ ಶುಲ್ಕ ಪೂರ್ತಿ ಮನ್ನಾ. ಮಕ್ಕಳಿಗೆ ಬೆಚ್ಚಗಿನ ಕೊಳವೂ ಸೇರಿ ಎಲ್ಲ ಸೌಲಭ್ಯ.' ಅದನ್ನು ಎರಡು ಸಲ ಓದಿದೆ. ಮೂರನೇ ಸಲ ಹಾಳೆಯ ಬೆನ್ನು ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಬರೆದಿದ್ದಾರೋ ಅಂತ.

ನನ್ನ ಮಗಳಿಗೆ ಒಂಬತ್ತು ವರ್ಷ. ಸೊಂಟದ ಕೀಲಿಗೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಬೆಚ್ಚಗಿನ ನೀರಿನಲ್ಲಿ ವಾರಕ್ಕೆ ಮೂರು ದಿನದಂತೆ ಆರು ತಿಂಗಳು ನಡೆಸಬೇಕು, ಇಲ್ಲವಾದರೆ ಕುಂಟು ಜನ್ಮಕ್ಕೆ ಅಂಟಿಕೊಳ್ಳುತ್ತದೆ ಎಂದಿದ್ದರು ಡಾಕ್ಟರಮ್ಮ. "ನಿಮ್ಮ ಹತ್ರ ಎಲ್ಲಾದ್ರೂ ಬೆಚ್ಚಗಿನ ಕೊಳ ಇದೆಯೇನಮ್ಮ?" ಅಂತ ಕೇಳಿದ್ದರು.

"ಇದೆ ಮೇಡಂ. ದಿನಾ ಮುಖ ನೋಡ್ಕೋತೀನಿ ಅದ್ರಲ್ಲಿ," ಅಂದಿದ್ದೆ.

ಮುಖ ನೋಡಿಕೊಳ್ಳಬಹುದು, ಕಾಲಿಡುವಂತಿಲ್ಲ. ಹಜಾರದಲ್ಲಿ ನಿಯಮಗಳನ್ನು ಕೊರೆದ ಹಿತ್ತಾಳೆ ಫಲಕವಿದೆ. ಅದನ್ನು ಬೆಳಗುವವಳೂ ನಾನೇ. ಆರನೆಯದು, ಬೂಟು ಚಪ್ಪಲಿ ಹಾಕಿ ಕೊಳದ ಕಟ್ಟೆಗೆ ಬರಕೂಡದು. ಒಂಬತ್ತನೆಯದು, ಸಿಬ್ಬಂದಿಯ ಮಕ್ಕಳಿಗೆ ಪ್ರವೇಶ ಉಚಿತ. ಉಜ್ಜಿ ಉಜ್ಜಿ ಅಷ್ಟೂ ಬಾಯಿಪಾಠ. ಆದರೆ ನಾನು ಸಿಬ್ಬಂದಿಯಲ್ಲ. ಹೋದ ವರ್ಷ ಇದೇ ಕಟ್ಟೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗ ಗೊತ್ತಾಗಿತ್ತು. "ನೀನು ನಮ್ಮ ಸಿಬ್ಬಂದಿ ಅಲ್ಲ, ಕಂಟ್ರಾಕ್ಟರ್ ಕಡೆಯೋಳು," ಅಂದ ಮ್ಯಾನೇಜರ್. ಕಂಟ್ರಾಕ್ಟರ್ ಹತ್ತಿರ ಹೋದರೆ, "ನಾನು ಬ್ರಷ್ಷು, ಆಸಿಡ್ಡು ಸಪ್ಲೈ ಮಾಡೋನಮ್ಮ. ಮನುಷ್ಯರನ್ನ ಸಪ್ಲೈ ಮಾಡಲ್ಲ," ಅಂದ. ಅವನ ಲೆಕ್ಕದಲ್ಲಿ ಬ್ರಷ್ಷು ಅವನದು, ಅದರ ಹಿಂದೆ ಒಂದು ಕೈ ತಾನಾಗಿ ಬಂದು ಸೇರಿಕೊಂಡದ್ದು.

ಸಂಜೆ ಅತ್ತೆಗೆ ಹೇಳಿದೆ. ಅವರು ಅಂಗಡಿಯ ಕಾಗದದ ಕವರುಗಳಿಗೆ ಅಂಟು ಬಳಿಯುತ್ತಾ ಕೂತಿದ್ದರು.

"ಪುಕ್ಕಟೆ ಕೊಡ್ತಾರಂತಾ? ಯಾಕೆ ಕೊಡ್ತಾರೆ?"

"ಕಷ್ಟದಲ್ಲಿರೋರಿಗೆ ಅಂತ ಹಾಕಿದಾರೆ ಅತ್ತೆ."

"ಅರವತ್ತು ವರ್ಷದಿಂದ ಕಷ್ಟದಲ್ಲಿದೀನಿ ನಾನು, ಒಬ್ಬ ಬಡ್ಡಿಮಗನೂ ಬೋರ್ಡ್ ಹಾಕ್ಲಿಲ್ಲ. ಈಗೇನು ಬಂತು ಇವಕ್ಕೆ? ಕೆಳಗೆ ಸಣ್ಣಕ್ಷರದಲ್ಲಿ ಕಿಡ್ನಿ ಗಿಡ್ನಿ ಅಂತ ಇದೆಯಾ ನೋಡು."

"ಇಲ್ಲ ಅತ್ತೆ."

"ಇರುತ್ತೆ. ನಿನ್ನ ಕಣ್ಣಿಗೆ ಕಾಣ್ತಿಲ್ಲ ಅಷ್ಟೇ."

ನನಗೂ ಅದೇ ಗುಮಾನಿ. ಹಿಂದಿನ ಓಣಿಯ ಪಂಕ್ಚರಕ್ಕನ ಮನೆಗೆ ಹೋದೆ. ಹೋದ ವರ್ಷ ಅವಳಿಗೆ ಈ ನೆರವು ಸಿಕ್ಕಿತ್ತು. ಗಂಡ ಹೆಂಡತಿ ಇಬ್ಬರೂ ಟಯರ್ ಅಂಗಡಿಯಲ್ಲಿರುತ್ತಾರೆ. ಶಾಲೆ ಬಿಟ್ಟ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕೋಣೆಯೊಳಗೆ ಕೂಡಿ ಹೊರಗಿನಿಂದ ಬೀಗ ಹಾಕುತ್ತಿದ್ದರು. ಬೇರೆ ದಾರಿಯಿರಲಿಲ್ಲ.

"ಈಗ ನೇರ ಅಲ್ಲಿಗೆ ಹೋಗ್ತಾವೆ ಕಣೆ. ಆಡ್ತಾವೆ, ಈಜ್ತಾವೆ, ಹಸಿದು ಬರ್ತಾವೆ. ದೊಡ್ಡೋಳು ಮೊದ್ಲೆಲ್ಲಾ ಬಾಗಿಲು ಸದ್ದಾದ್ರೆ ಬೆಚ್ಚಿ ಬೀಳೋಳು. ಈಗಿಲ್ಲ. ಆ ಬೀಗ ಸೈಕಲ್ಲಿಗೆ ಹಾಕಿಬಿಟ್ಟೆ."

"ಬದಲಿಗೆ ಏನು ಕೇಳಿದ್ರು? ನಿಜ ಹೇಳು."

"ಒಂದು ಫೋಟೋ. ನಗಬೇಡಿ ಅಂದ್ರು, ಅಷ್ಟೇ."

ಬಡವರು ನಗಬಾರದೆಂಬ ಷರತ್ತು ನನಗೆ ಹೊಸದೇನೂ ಅಲ್ಲ. ಅರ್ಜಿ ತಂದೆ. ಉದ್ಯೋಗದ ಜಾಗದಲ್ಲಿ ಏನು ಬರೆಯಲಿ ಎಂದು ಮ್ಯಾನೇಜರನನ್ನೇ ಕೇಳಿದೆ. "ಕೂಲಿ ಅಂತ ಬರಿ, ಇಲ್ಲಿನ ಹೆಸರು ತರಬೇಡ," ಅಂದ. ಅರ್ಜಿಯ ಬೆನ್ನ ಮೇಲೆ ಇರುವೆಸಾಲಿನಂಥ ಹದಿನೈದು ಷರತ್ತು. ಅತ್ತೆ ಬಿಡಲಿಲ್ಲ, ಎಲ್ಲವನ್ನೂ ಜೋರಾಗಿ ಓದಿಸಿದರು. ಹದಿನಾಲ್ಕನೆಯದು, 'ಕೇಂದ್ರದ ಸಿಬ್ಬಂದಿಯ ಕುಟುಂಬದವರು ಅರ್ಜಿ ಹಾಕುವಂತಿಲ್ಲ.' ಅದು ನಮಗಲ್ಲ ಎಂದು ಇಬ್ಬರೂ ಮುಂದಕ್ಕೆ ಹೋದೆವು. ಕಿಡ್ನಿ ಎಲ್ಲೂ ಇರಲಿಲ್ಲ. ಅತ್ತೆಗೆ ಒಂಥರಾ ನಿರಾಸೆಯಾಯಿತು.

ಹದಿನೈದು ದಿನಕ್ಕೆ ಮನೆ ತಪಾಸಣೆಗೆ ಬಂದರು. ಮಂಡಳಿಯ ಅಧ್ಯಕ್ಷರು, ಹಿಂದೆ ಮ್ಯಾನೇಜರ್. ಅಧ್ಯಕ್ಷರು ದಿನಾ ಬೆಳಿಗ್ಗೆ ಬೆಚ್ಚಗಿನ ಕೊಳದಲ್ಲಿ ಒಂದು ಗಂಟೆ ತೇಲುವವರು. ನಾನು ಅವರ ಮೂಗಿನಿಂದ ಎರಡು ಮೊಳ ದೂರದಲ್ಲಿ ಟೈಲ್ಸ್ ಉಜ್ಜುತ್ತಿರುತ್ತೇನೆ. ಏಳು ವರ್ಷ ಬರೀ ನನ್ನ ಬೆನ್ನು ನೋಡಿದವರಿಗೆ ಮುಖದ ಗುರುತು ಹತ್ತಲಿಲ್ಲ. ಮ್ಯಾನೇಜರನೂ ಹೇಳಲಿಲ್ಲ. ಅವನಿಗೆ ಈ ವರ್ಷ ಫೋಟೋಗೆ ಒಂದು ಕುಂಟು ಮಗು ಬೇಕಿತ್ತು.

ಅಧ್ಯಕ್ಷರು ಬೂಟು ಬಿಚ್ಚದೆ ಒಳಗೆ ಬಂದು ತಲೆಯೆತ್ತಿದರು. "ಫ್ಯಾನ್ ಇದೆಯಲ್ಲ."

"ಇದೆ ಸ್ವಾಮಿ, ತಿರುಗಲ್ಲ," ಅತ್ತೆ ಅಂದರು. "ಕೂತ್ಕೊಳ್ಳಿ, ಕೋಲು ತಗೊಂಡು ತಿರುಗಿಸ್ತೀನಿ."

ಮ್ಯಾನೇಜರ್ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಇಣುಕಿದ. ಪಕ್ಕದ ಡಬ್ಬಿಯನ್ನೂ ತೆಗೆದ. ಖಾಲಿಯಿದ್ದುದಕ್ಕೆ ಸಮಾಧಾನವಾದವನಂತೆ ತಲೆಯಾಡಿಸಿ ಏನೋ ಗುರುತು ಹಾಕಿಕೊಂಡ. ಆಮೇಲೆ ಫೋನು ಹಿಡಿದು ಮಗಳತ್ತ ತಿರುಗಿದ.

"ಪುಟ್ಟಿ, ಅಲ್ಲಿಂದ ಇಲ್ಲಿಗೆ ನಡೆದು ಬಾ."

ಎರಡು ತಿಂಗಳಿಂದ ಅವಳು ಗೋಡೆ ಹಿಡಿದು ನೆಟ್ಟಗೆ ನಡೆಯುವುದನ್ನು ಕಲಿಯುತ್ತಿದ್ದಳು. ಬಂದವರ ಮುಂದೆ ಮಾನ ಉಳಿಸಬೇಕೆಂದು ಹಲ್ಲು ಕಚ್ಚಿ, ಗೋಡೆ ಬಿಟ್ಟು, ಆದಷ್ಟು ನೆಟ್ಟಗೆ ಬಂದಳು.

"ಚೆನ್ನಾಗೇ ನಡೀತಾಳಲ್ರೀ," ಅಂದರು ಅಧ್ಯಕ್ಷರು.

"ಇನ್ನೊಂದ್ಸಲ ಬಾ," ಅಂದ ಮ್ಯಾನೇಜರ್. "ಫೋಟೋದಲ್ಲಿ ಕುಂಟೇ ಕಾಣ್ತಿಲ್ಲ. ಸ್ವಲ್ಪ ಜಾಸ್ತಿ ಮಾಡು."

ಮಗಳು ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ. ಅವಳು ಹಿಂದಕ್ಕೆ ಹೋಗಿ, ಸೊಂಟ ಒಂದು ಕಡೆಗೆ ಎಸೆಯುತ್ತಾ, ಕಾಲೆಳೆಯುತ್ತಾ ಬಂದಳು. ಫೋನು ಟಿಕ್ ಟಿಕ್ ಅಂದಿತು.

ಅವರು ಹೋದ ಮೇಲೆ ಕೇಳಿದಳು, "ಅಮ್ಮ, ನಾನು ಚೆನ್ನಾಗಿ ಕುಂಟಿದ್ನಾ?"

ಅತ್ತೆ ಎದ್ದು, ಬೂಟಿನ ಗುರುತುಗಳ ಮೇಲೆ ಒಂದು ಚೊಂಬು ನೀರು ಸುರಿದು ಒರೆಸಿದರು.

ಅರ್ಜಿ ಒಪ್ಪಿಗೆಯಾಯಿತೆಂದು ಮ್ಯಾನೇಜರ್ ಬಾಯಲ್ಲಿ ಹೇಳಿದ. ನೆರವು ವಿತರಣೆಗೆ ಭಾರಿ ಸಮಾರಂಭ, ಹಣ ಕೊಡುವ ಸಂಸ್ಥೆಯ ಮೇಡಂ ಬರುತ್ತಾರೆ ಅಂದ. ಗೇಟಿಗೆ ಬ್ಯಾನರ್ ಕಟ್ಟಿದರು. ಅದರ ತುಂಬಾ ನನ್ನ ಮಗಳು, ಆಳೆತ್ತರ, ಕುಂಟುತ್ತಾ. ಎರಡು ಕೊನೆ ಹಿಡಿದು ಕಟ್ಟಲು ಅವರಿಗೆ ಜನ ಸಾಲದೆ ಒಂದು ಕೊನೆಯನ್ನು ನಾನೇ ಹಿಡಿದಿದ್ದೆ.

ಸಮಾರಂಭಕ್ಕೆ ಮೂರು ದಿನವಿತ್ತು. ಬೆಚ್ಚಗಿನ ಕೊಳದಲ್ಲಿ ಅಧ್ಯಕ್ಷರ ಜೊತೆ ಒಬ್ಬ ಸದಸ್ಯೆ ತೇಲುತ್ತಿದ್ದಳು. ನಾನು ಬಗ್ಗಿ ಉಜ್ಜುತ್ತಿದ್ದೆ. ನೀರಿನ ಮೇಲೆ ಮಾತು ಬೇಗ ಹರಿಯುತ್ತದೆ ಅಂತ ತೇಲುವವರಿಗೆ ಗೊತ್ತಿರುವುದಿಲ್ಲ.

"ಗೇಟಲ್ಲಿರೋ ಆ ಹುಡುಗಿ ಇವಳ ಮಗಳಂತೆ, ಗೊತ್ತಾ ನಿಮಗೆ?"

"ಯಾರ ಮಗಳು?"

"ಇಗೋ, ಇವಳು. ಕಕ್ಕಸೂ ಇವಳೇ ತೊಳೆಯೋದು. ನಾಳೆ ಆ ಮಗು ಇದೇ ನೀರಿಗೆ ಇಳಿಯುತ್ತಾ?"

"ಕ್ಲೋರಿನ್ ಹಾಕ್ತೀವಲ್ಲ."

"ಕ್ಲೋರಿನ್ ಎಷ್ಟಕ್ಕೆ ಅಂತ ಸಾಲುತ್ತೆ ಸರ್."

ಆ ಕ್ಲೋರಿನ್ ಹಾಕುವ ಕೈಯೂ ನನ್ನದೇ ಅಂತ ಹೇಳಬೇಕೆನಿಸಿತು. ಹೇಳಿದರೆ ಇಬ್ಬರೂ ಒದ್ದೆ ಮೈಯಲ್ಲೇ ಓಡುತ್ತಿದ್ದರು.

ಮಾರನೆಯ ದಿನ ಮ್ಯಾನೇಜರ್ ನನ್ನ ಕೈಗೆ ಒಂದು ಕಾಗದ ಕೊಟ್ಟ. ಹಣ ಕೊಡುವ ಸಂಸ್ಥೆ ಫೈಲು ಕೇಳುವುದರಿಂದ ಇಲ್ಲ ಎನ್ನುವುದಕ್ಕೂ ಕಾಗದ ಬೇಕಂತೆ. "ಬೇಜಾರು ಮಾಡ್ಕೋಬೇಡ, ಎಲ್ಲಾ ರೂಲ್ಸ್ ಪ್ರಕಾರ ಮಾಡಿದೀವಿ. ಆವತ್ತು ಮಗು ಕರ್ಕೊಂಡು ಗೇಟ್ ಹತ್ರ ಬರಬೇಡ. ಹುಷಾರಿಲ್ಲ ಅಂತ ಮೇಡಂಗೆ ಹೇಳ್ತೀವಿ."

"ಬ್ಯಾನರ್?"

"ಬ್ಯಾನರ್ ಇರಲಿ ಬಿಡು. ಪ್ರಿಂಟ್ ಆಗಿಹೋಗಿದೆ."

ಒಗೆಯುವ ಕೋಣೆಗೆ ಹೋಗಿ ಕೂತೆ. ಅಲ್ಲಿ ಸದಸ್ಯರ ಟವೆಲು ಒಗೆಯುವವಳು ನನಗಿಂತ ಹಳಬಳು. ಟವೆಲಕ್ಕ ಅನ್ನುತ್ತೇವೆ. ಕೈ ಒರೆಸಿಕೊಂಡು ಕಾಗದ ಕಿತ್ತುಕೊಂಡು ಓದಿದಳು.

"'ತಾವು ಕಳೆದ ಏಳು ವರ್ಷಗಳಿಂದ ಈ ಕೇಂದ್ರದ ಸಿಬ್ಬಂದಿಯಾಗಿದ್ದು, ಸಿಬ್ಬಂದಿಯ ಮಕ್ಕಳಿಗೆ ಈಗಾಗಲೇ ಉಚಿತ ಪ್ರವೇಶವಿರುವ ಕಾರಣ, ಷರತ್ತು ಹದಿನಾಲ್ಕರಂತೆ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಏ, ತಾವು ಅಂದಿದಾರಲ್ಲೇ ನಿನ್ನ."

"ಸುಮ್ನಿರೇ. ಮಗಳಿಗೆ ಏನು ಹೇಳಲಿ ನಾನು."

ಟವೆಲಕ್ಕ ಸುಮ್ಮನಿರಲಿಲ್ಲ. ಮತ್ತೆ ಮೊದಲಿಂದ ಓದಿದಳು, ಈ ಸಲ ಬೆರಳಿಟ್ಟು. "ಮುಂಡೇವು. ಸಿಬ್ಬಂದಿ ಅಂತ ಬರೆದು ಸೀಲ್ ಒತ್ತಿದಾರೆ. ಎರಡು ಸೈನು."

ನಾನು ಎದ್ದು ಕಾಗದ ತೆಗೆದುಕೊಂಡೆ. ಅತ್ತೆಯ ಸೊಸೆಯಲ್ಲವೇ, ಬೆಳಕಿಗೆ ಹಿಡಿದೆ, ಬೆನ್ನು ನೋಡಿದೆ, ಸಣ್ಣಕ್ಷರ ಹುಡುಕಿದೆ. ಎಲ್ಲೂ ಏನೂ ಇರಲಿಲ್ಲ.

ನೀರಿನ ಕೆಲಸದವರು ಯಾವ ಕಾಗದವನ್ನೂ ಬರಿಮೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡದ್ದೆಲ್ಲ ಮಧ್ಯಾಹ್ನದೊಳಗೆ ಮುದ್ದೆಯಾಗಿರುತ್ತದೆ. ಟವೆಲಕ್ಕ ಮೊಮ್ಮಗಳ ಫೋಟೋಗೂ, ನಾನು ಡಾಕ್ಟರಮ್ಮನ ಚೀಟಿಗೂ ಲ್ಯಾಮಿನೇಷನ್ ಮಾಡಿಸಿದ್ದೇವೆ. ಇದನ್ನೂ ಆವತ್ತೇ ಜೆರಾಕ್ಸ್ ಅಂಗಡಿಗೆ ಕೊಟ್ಟೆ. ಬಿಸಿಯಾಗಿ, ಗಟ್ಟಿಯಾಗಿ ಹೊರಬಂತು.

ಸಮಾರಂಭದ ಬೆಳಿಗ್ಗೆ ಪಂಕ್ಚರಕ್ಕನ ದೊಡ್ಡ ಮಗಳು ತನ್ನ ಹಳೆಯ ಈಜುಡುಗೆ ತಂದು ನನ್ನ ಮಗಳಿಗೆ ತೊಡಿಸಿದಳು, ಟೋಪಿಯನ್ನೂ ಕೊಟ್ಟಳು. ಬ್ಯಾನರಿನ ಕೆಳಗೆ ನಾವು ನಡೆದುಹೋದೆವು. ಮಗಳು ತಲೆಯೆತ್ತಿ ತನ್ನನ್ನೇ ನೋಡಿದಳು. ಸೊಂಟ ನೆಟ್ಟಗೆ ಮಾಡಿಕೊಂಡಳು, ಅಷ್ಟೇ.

ಕೌಂಟರಿನ ಹುಡುಗಿ ಕಾಗದ ಓದಿದಳು, ಎದುರಿನ ಹಿತ್ತಾಳೆ ಫಲಕ ಓದಿದಳು, ಮತ್ತೆ ಕಾಗದ ಓದಿದಳು. "ಸರಿಯಾಗೇ ಇದೆ ಅಕ್ಕ," ಎಂದು ಟೋಕನ್ ಕೊಟ್ಟಳು. ಅಕ್ಕ ಅಂದಿದ್ದು ಅದೇ ಮೊದಲು.

ಹಜಾರದಲ್ಲಿ ಭಾಷಣ ನಡೆದಿತ್ತು. ಪಂಕ್ಚರಕ್ಕನ ಮಗಳು ನನ್ನ ಮಗಳ ಕೈ ಹಿಡಿದು ಬೆಚ್ಚಗಿನ ಕೊಳದ ಮೆಟ್ಟಿಲಿಳಿಸಿದಳು. ನೀರು ಎದೆಮಟ್ಟ ಬಂತು. ಮಗಳು ಒಂದು ಹೆಜ್ಜೆಯಿಟ್ಟಳು. ಇನ್ನೊಂದು. "ಅಮ್ಮ, ಇಲ್ಲಿ ನೋವಾಗಲ್ಲ," ಅಂದಳು, ಯಾರೋ ಕೇಳಿಸಿಕೊಂಡು ಕಸಿದುಕೊಂಡಾರು ಎಂಬಂತೆ ಮೆಲ್ಲಗೆ.

ಭಾಷಣ ಮುಗಿದು ಮೇಡಂ ಕೊಳ ನೋಡಲು ಬಂದರು. ಗಾಜಿನ ಗೋಡೆಯ ಆಚೆ ನಿಂತು, "ಬ್ಯಾನರಲ್ಲಿರೋ ಮಗು ಇದೇ ಅಲ್ವಾ? ಹುಷಾರಿಲ್ಲ ಅಂದ್ರಿ?" ಎನ್ನುವುದು ಕೇಳಿಸಿತು. ಅಧ್ಯಕ್ಷರು ಮ್ಯಾನೇಜರನನ್ನು ನೋಡಿದರು. ಮ್ಯಾನೇಜರ್ ಬಾಗಿಲು ತಳ್ಳಿಕೊಂಡು ಬಂದ.

"ಯಾರನ್ನ ಕೇಳಿ ಇಳಿಸ್ದೆ ಇವಳನ್ನ?"

"ಸಾರ್, ಬೂಟು. ನಿಯಮ ಆರು."

ಅವನು ಕಟ್ಟೆಯ ಅಂಚಿನಲ್ಲೇ ನಿಂತ. ಗಾಜಿನ ಆಚೆ ಮೇಡಂ ಇನ್ನೂ ನೋಡುತ್ತಿದ್ದರು. ಹಲ್ಲು ಕಚ್ಚಿಕೊಂಡೇ ಮಾತಾಡಿದ. "ಆ ಕಾಗದ ಕೊಡು ಇಲ್ಲಿ. ತಪ್ಪಾಗಿ ಟೈಪ್ ಆಗಿದೆ."

ನಾನು ಕಾಗದವನ್ನು ನೀರಿನ ಮೇಲೆ ಬಿಟ್ಟೆ. ಸೀಲು ಮೇಲಾಗಿ, ನಿಧಾನಕ್ಕೆ ತಿರುಗುತ್ತಾ, ಮಗಳ ಕಡೆಗೆ ತೇಲಿಹೋಯಿತು. ಅವಳು ಎತ್ತಿ ಎದೆಗೆ ಒತ್ತಿಕೊಂಡಳು.

"ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು. ಮುಗೀತು."

"ಆಗಲಿ ಸಾರ್. ಸಿಬ್ಬಂದಿನ ತೆಗೀಬೇಕಾದ್ರೆ ಬರೆದು ಕೊಡಬೇಕಂತಲ್ಲ. ಏಳು ವರ್ಷದಿಂದ ಕೆಲಸಕ್ಕಿದ್ಲು, ಇವತ್ತು ತೆಗೆದ್ವಿ ಅಂತ ಬರೆದು ಕೊಡಿ. ಅದಕ್ಕೂ ಲ್ಯಾಮಿನೇಷನ್ ಮಾಡಿಸ್ತೀನಿ."

ಅವನು ಜೇಬಿನಿಂದ ಪೆನ್ನು ತೆಗೆದ. ಮುಚ್ಚಳ ಬಿಚ್ಚಿದ. ಮೊದಲನೆಯ ಪದವೇನೆಂದು ಯೋಚಿಸಿದನೇನೋ, ಹಾಗೇ ನಿಂತ.