ಟೇಪಿನ ಇನ್ನೊಂದು ತುದಿ

ಕಸ್ತೂರಿಬಾಯಿ ಟೇಪಿನ ತುದಿಯನ್ನು ಅಂಗಡಿಯ ಹೊಸ್ತಿಲಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡಳು. ಒಳಗೋಡೆಯ ಬಳಿ ನಿಂತಿದ್ದ ತುಳಜಾರಾಮರು ಕನ್ನಡಕವನ್ನು ಹಣೆಗೇರಿಸಿ ಅಂಕಿಯನ್ನು ಗಟ್ಟಿಯಾಗಿ ಓದಿದರು.

“ಉದ್ದ ಹದಿನೆಂಟು ಫೂಟು. ಅಗಲ ಹನ್ನೊಂದೂವರಿ.”

“ಎರಡೂ ಅಂಗಡಿ ಅಷ್ಟೇ ಏನ್ರಿ, ಸಾಹೇಬ್ರ?”

“ಅಷ್ಟೇ ನೋಡವಾ. ಒಂದು ಬಟ್ಟೂ ಹೆಚ್ಚುಕಮ್ಮಿ ಇಲ್ಲ. ಕಟ್ಟಿಸಿದವರು ಭಾಳ ಶಾಣ್ಯಾರು.”

“ನಮ್ಮ ಮಾವನವರು ಕಟ್ಟಿಸಿದ್ದರಿ,” ಎಂದಳು ಆಕೆ, ಹೊಗಳಿಕೆ ತನಗೇ ಸಂದಂತೆ.

ಅದು ೧೯೯೭ರ ಬೇಸಿಗೆ. ಬಸವಕಲ್ಯಾಣದ ಆ ಹಳೆಯ ಮನೆಯನ್ನೂ, ಮುಂಭಾಗದಲ್ಲಿ ರಸ್ತೆಗೆ ಮುಖಮಾಡಿದ ಎರಡು ಅಂಗಡಿಗಳನ್ನೂ ಅಳೆದು ಕಿಮ್ಮತ್ತು ಕಟ್ಟಿಕೊಡುವ ಕೆಲಸ ತುಳಜಾರಾಮರದು. ಹುಮನಾಬಾದಿನ ಧಾನ್ಯದ ವ್ಯಾಪಾರಿ ಬಸವಣಪ್ಪನವರೂ ಅವರ ತೀರಿಹೋದ ತಮ್ಮನ ಹೆಂಡತಿ ಕಸ್ತೂರಿಬಾಯಿಯೂ ಆಸ್ತಿಯನ್ನು ಸಮಪಾಲು ಮಾಡಿಕೊಳ್ಳಲು ಒಪ್ಪಿದ್ದರು. ತುಳಜಾರಾಮರ ವರದಿಯಲ್ಲಿದ್ದಂತೆ ಪಾಲುಪತ್ರ ನೋಂದಣಿಯಾಗಬೇಕು. ಫೀ ಎಂಟು ನೂರು ರೂಪಾಯಿ, ಇಬ್ಬರಿಂದಲೂ ಅರ್ಧರ್ಧ.

ಇದರಲ್ಲಿ ಒಂದಕ್ಷರವೂ ಕಾಗದದ ಮೇಲಿರಲಿಲ್ಲ. ಸರಕಾರಿ ಇಂಜಿನಿಯರರಾಗಿ ನಿವೃತ್ತರಾದ ಮೇಲೆ ಈ ವೃತ್ತಿಗಿಳಿದಿದ್ದ ತುಳಜಾರಾಮರಿಗೆ, ಮರ್ಯಾದಸ್ಥರ ಮುಂದೆ ಹಾಳೆ ಚಾಚಿ ಸಹಿ ಕೇಳುವುದೆಂದರೆ ಅವರ ಮಾತನ್ನೇ ಶಂಕಿಸಿದಂತೆ ಎಂಬ ಸಂಕೋಚ. ಆ ಮನೆಯ ರೀತಿಯೂ ಹಾಗೆಯೇ ಇತ್ತು. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಕಸ್ತೂರಿಬಾಯಿ ಭಾವನೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಿದವಳಲ್ಲ. ಪಾಲಿನ ಮಾತುಕತೆಯ ದಿನವೂ ಬಾಗಿಲ ಮರೆಯಲ್ಲಿ ನಿಂತು, “ಆಗಲಿ ಅಂತ ಹೇಳ್ರಿ ಅವರಿಗೆ,” ಎಂದಿದ್ದಳು. ಎರಡು ಮಾರು ದೂರದಲ್ಲಿ ಕುಳಿತಿದ್ದ ಭಾವನಿಗೆ ಅದನ್ನು ಮುಟ್ಟಿಸಿದವರು ತುಳಜಾರಾಮರು.

ಅಳತೆ ಮುಗಿದ ನಾಲ್ಕನೆಯ ದಿನ ಬಸವಣಪ್ಪನವರು ಹುಮನಾಬಾದಿನಲ್ಲಿ ತುಳಜಾರಾಮರ ಮನೆಗೆ ಬಂದರು. ಚಹಾ ಮುಗಿಯುವವರೆಗೆ ತೊಗರಿಯ ಧಾರಣೆಯ ಮಾತಾಯಿತು. ಬಳಿಕ ಕಪ್ಪನ್ನು ಕೆಳಗಿಟ್ಟು, “ಸಾಹೇಬ್ರ, ಕೆಲಸ ಸ್ವಲ್ಪ ಬದಲಿ ಮಾಡೂಣ್ರಿ. ಮನಿಯಷ್ಟೇ ಬರೀರಿ. ಅಂಗಡಿ ಬ್ಯಾಡ,” ಎಂದರು.

“ಯಾಕ್ರಿ?”

“ಹತ್ತು ವರ್ಷದ ಹಿಂದ ಮ್ಯಾಲಿನ ತಗಡಾ ತಗಸಿ ಸ್ಲ್ಯಾಬ್ ಹಾಕ್ಸಿದವ ನಾನು. ತಮ್ಮ ಒಂದು ಚೀಲ ಸಿಮೆಂಟ್ ತಂದಿಲ್ಲ. ನನ್ನ ಬೆವರಿಗೆ ಆಕಿಗ್ಯಾಕ ಪಾಲು?” ಎಂದು ಒಂದು ಲಕೋಟೆಯನ್ನು ಚಾಪೆಯ ಮೇಲಿಟ್ಟರು. “ನಿಮ್ಮ ಫೀ ಹದಿನೈದು ನೂರು ಅಂತ ಹಿಡೀರಿ. ಅರ್ಧ ಇದರಾಗ ಅದ.”

ತುಳಜಾರಾಮರು ಹೂಂ ಎನ್ನಲಿಲ್ಲ. ಲಕೋಟೆಯನ್ನು ಹಿಂದಿರುಗಿಸಲೂ ಇಲ್ಲ. “ನೋಡೂಣ್ರಿ,” ಎಂದರು. ಬಸವಣಪ್ಪನವರಿಗೆ ಅಷ್ಟೇ ಸಾಕಾಯಿತು, ಎದ್ದು ಹೊರಟರು.

ಒಳಗಿನಿಂದ ಕಪ್ಪು ಎತ್ತಲು ಬಂದ ತುಳಜಾರಾಮರ ಪತ್ನಿ ಲಲಿತಾಬಾಯಿ ನಕ್ಕರು. “ಕೆಲಸ ಕಮ್ಮಿ ಆಗಿ ಫೀ ಹೆಚ್ಚಾಗೂದು ಇದೇ ಮೊದಲು ಕೇಳಾಕತ್ತೇನಿ ನೋಡ್ರಿ. ಹಂಗಾದ್ರ ಏನೂ ಅಳೀಲಿಲ್ಲಂದ್ರ ಎಷ್ಟು ಕೊಡತಾರಂತ?”

“ನಿನಗ ತಿಳಿಯಂಗಿಲ್ಲ ಸುಮ್ನಿರು,” ಎಂದರು ತುಳಜಾರಾಮರು. ಕೆಲಸ ಕೊಟ್ಟವರು ಕಡಿಮೆ ಮಾಡಿಸಿದರೆ ಅದು ಅವರ ಇಚ್ಛೆಯಲ್ಲವೇ ಎಂದು ಮನಸ್ಸನ್ನು ಒಪ್ಪಿಸಿಕೊಂಡು, ಮನೆಯೊಂದರದೇ ವರದಿಯ ಕರಡನ್ನು ಬರೆದರು. ಹಿಂಗೋಡೆಯ ದಪ್ಪವೊಂದು ಅಳತೆಯ ಪುಸ್ತಕದಲ್ಲಿ ಸಿಗದ ಕಾರಣ ಮರುದಿನ ರಾಜೇಶ್ವರದ ಮೇಲೆ ಹೋಗುವ ಬಸ್ಸು ಹಿಡಿದು ಮತ್ತೆ ಬಸವಕಲ್ಯಾಣಕ್ಕೆ ಹೋದರು.

ಕಸ್ತೂರಿಬಾಯಿ ಕೇಳದೆಯೇ ಬಂದು ಟೇಪಿನ ತುದಿ ಹಿಡಿದಳು. ಗೋಡೆಯ ಅಳತೆ ಮುಗಿಯಿತು.

“ಒಂದು ಅಂಗಡಿ ನನ್ನ ಪಾಲಿಗೆ ಬಂತಂದ್ರ ಹಿಟ್ಟಿನ ಗಿರಣಿ ಹಾಕ್ತೀನ್ರಿ, ಸಾಹೇಬ್ರ. ಹದಿನೆಂಟು ಉದ್ದ, ಹನ್ನೊಂದೂವರಿ ಅಗಲ. ಗಿರಣಿ ಕೂಡಿಸಿ ಚೀಲ ಇಡಾಕೂ ಜಾಗ ಉಳೀತದಂತ ಮಿಸ್ತ್ರಿ ಹೇಳ್ಯಾನ.”

“ಅಳತಿ ನೆನಪಿಟ್ಟೀಯಲ್ಲವಾ!”

“ನಿಮ್ಮ ರಿಪೋರ್ಟ್ ಓದಾಕ ನನಗೆಲ್ಲಿ ಬರ್ತದ್ರಿ? ಖರೆ, ತುದಿ ಹಿಡಿದಾಕಿ ನಾನೇ ಅಲ್ಲೇನ್ರಿ. ನಾ ಹಿಡಿದದ್ದು ಅದರಾಗ ಇರತದ, ಅಷ್ಟು ಸಾಕು.”

ತುಳಜಾರಾಮರು ಟೇಪನ್ನು ಸುತ್ತಿಕೊಳ್ಳತೊಡಗಿದರು. ಅಂದು ಆ ಐವತ್ತು ಅಡಿಯ ಟೇಪು ಸುತ್ತಿ ಬೇಗ ಮುಗಿಯಲಿಲ್ಲ. ಕೆಲಸ ಕೊಟ್ಟವರು ಇಬ್ಬರು. ಬದಲಿಸಿದವರು ಒಬ್ಬರು. ತಾವು ಒಂದು ಹಾಳೆಗೆ ನಾಚಿದ್ದರಿಂದ ಈಕೆಯ ಗಿರಣಿ, ಸದ್ದಿಲ್ಲದೆ, ಒಂದು ಲಕೋಟೆಯೊಳಗೆ ಸೇರಿಹೋಗಿತ್ತು.

ಊರಿಗೆ ಮರಳಿದವರು ಮನೆಯಿಂದ ಲಕೋಟೆ ತೆಗೆದುಕೊಂಡು ನೇರವಾಗಿ ಧಾನ್ಯದ ಬಜಾರಿಗೆ ನಡೆದರು. ಗಾದಿಯ ಮೇಲೆ ಕುಳಿತಿದ್ದ ಬಸವಣಪ್ಪನವರ ಮುಂದೆ ಲಕೋಟೆಯನ್ನೂ ಒಂದು ಹಾಳೆಯನ್ನೂ ಇಟ್ಟರು. ಹಾಳೆಯಲ್ಲಿ ಮೊದಲ ದಿನ ಒಪ್ಪಿದ ಕೆಲಸ, ಫೀ. ಅದರ ಕೆಳಗೆ, ‘ಅಂಗಡಿಗಳನ್ನು ಬಿಡುವುದು’ ಎಂಬ ಸಾಲು. ಎರಡು ಸಹಿಗಳಿಗೆ ಖಾಲಿ ಜಾಗ.

“ಕೆಲಸ ಬದಲಿ ಮಾಡಬಾರದಂತ ಇಲ್ರಿ. ಆದ್ರ ಇಬ್ಬರೂ ಕೂಡಿ ಹೇಳಬೇಕು. ಇದನ್ನ ಕಸ್ತೂರಿಬಾಯಿ ಮುಂದ ಓದಿ ಹೇಳಿ, ಆಕಿ ಹೆಬ್ಬೆಟ್ಟು ತೊಗೊಂಡು ಬರ್ರಿ. ಫೀ ಮಾತ್ರ ಮೊದಲಿನದೇ.”

ಬಸವಣಪ್ಪನವರ ಮುಖ ಕೆಂಪಾಯಿತು. “ನಂಬಿಗಿ ಇಲ್ಲೇನ್ರಿ ನನ್ನ ಮ್ಯಾಲೆ? ಬ್ಯಾರೆಯವರ ಕಡಿಂದ ಮಾಡಿಸ್ತೀನಿ!”

“ಮಾಡಿಸ್ರಿ. ಅವರೂ ಅಂಗಡಿಯ ಎದುರಿಗೇ ನಿಂತು ಅಳೀಬೇಕಲ್ರಿ. ಇದನ್ನ್ಯಾಕ ಬಿಟ್ರಿ ಅಂತ ಅವರೂ ಕೇಳ್ತಾರ.”

“ಮತ್ತ ನನ್ನ ಸ್ಲ್ಯಾಬ್?” ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. “ಅದು ಸುಳ್ಳೇನ್ರಿ?”

ಅದು ಸುಳ್ಳಾಗಿರಲಿಲ್ಲ. ತುಳಜಾರಾಮರು ಗಾದಿಯ ಅಂಚಿಗೆ ಕುಳಿತರು. “ಅದನ್ನ ನೀವು ಮೊದಲ ದಿನಾನ ಹೇಳಬೇಕಿತ್ತು, ನಾ ಕೇಳಬೇಕಿತ್ತು. ಜಾಗದ ಕಿಮ್ಮತ್ತು ಬ್ಯಾರೆ, ಸ್ಲ್ಯಾಬಿನ ಕಿಮ್ಮತ್ತು ಬ್ಯಾರೆ ತೆಗೀತೀನಿ. ಸ್ಲ್ಯಾಬ್ ನಿಮ್ಮದಂತ ಆಕಿ ಒಪ್ಪಿದ್ರ ಅದರ ಕಿಮ್ಮತ್ತು ನಿಮಗ. ಇದು ಹೆಚ್ಚಿನ ಕೆಲಸ. ಮುನ್ನೂರು ರೂಪಾಯಿ ಹೆಚ್ಚಾಗತದ. ಅದನ್ನೂ ಬರೀತೀನಿ.”

ಬಸವಣಪ್ಪನವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ತಮ್ಮನ ಹೆಂಡತಿಯ ಮುಂದೆ ಆ ಕೊನೆಯ ಸಾಲನ್ನು ಓದುವ ತಮ್ಮ ದನಿ ಅವರಿಗೆ ಆಗಲೇ ಕೇಳಿಸಿತೇನೋ. ಪೆನ್ನು ತೆಗೆದು ತಾವೇ ಅದನ್ನು ಹೊಡೆದುಹಾಕಿದರು.

ಭಾನುವಾರ ಮೂವರೂ ಅಂಗಡಿಯ ಬಳಿ ಕೂಡಿದರು. ತುಳಜಾರಾಮರು ಹೊಸ ಹಾಳೆಯನ್ನು ನಿಧಾನವಾಗಿ ಓದಿ ಹೇಳಿದರು. ಅಂಗಡಿಯ ಬಾಗಿಲ ಮರೆಯಿಂದ ಕಸ್ತೂರಿಬಾಯಿಯ ಉತ್ತರ ಬಂತು: “ಸ್ಲ್ಯಾಬ್ ಅವರೇ ಹಾಕ್ಸಿದ್ದು ಖರೆ ಅದರಿ. ಬ್ಯಾಸಿಗಿ ಬಿಸಿಲಾಗ ನಿಂತು ಅದಕ್ಕ ನೀರು ಹೊಡಿಸ್ಯಾರ. ಅದು ಅವರಿಗೇ ಹೋಗಲಿ ಅಂತ ಹೇಳ್ರಿ.”

ಬಸವಣಪ್ಪನವರು ತಲೆ ತಗ್ಗಿಸಿ ಸಹಿ ಹಾಕಿದರು. ಅದರ ಪಕ್ಕದಲ್ಲಿ ಕಸ್ತೂರಿಬಾಯಿಯ ಹೆಬ್ಬೆಟ್ಟು ಮೂಡಿತು. ಆ ಬಳಿಕವೇ ತುಳಜಾರಾಮರು ಟೇಪನ್ನು ಹೊರತೆಗೆದು, ಸ್ಲ್ಯಾಬಿನ ಅಳತೆ ಬರೆದುಕೊಳ್ಳಲು ಎರಡೂ ಕೈ ಬೇಕೆಂದು, ಒಂದು ತುದಿಯನ್ನು ಬಸವಣಪ್ಪನವರ ಕೈಗಿತ್ತರು. ಇನ್ನೊಂದು ತುದಿ ಆಗಲೇ ಕಸ್ತೂರಿಬಾಯಿಯ ಕೈಯಲ್ಲಿತ್ತು.

ಭಾವನವರು ಮೆಟ್ಟಿಲಿನ ಮೇಲೆ ನಿಂತು ಹಿಡಿದರು. ಟೇಪು ನಡುವೆ ಜೋತುಬಿತ್ತು. ಆಕೆ ಒಂದು ಕ್ಷಣ ತುಳಜಾರಾಮರತ್ತ ನೋಡಿದಳು. ಅವರು ಪುಸ್ತಕದಿಂದ ತಲೆಯೆತ್ತಲಿಲ್ಲ.

“ಸಡಲ ಆಗ್ಯದರಿ, ಭಾವಾರ,” ಎಂದಳು ಕಸ್ತೂರಿಬಾಯಿ. “ಜರಾ ಬಿಗಿ ಹಿಡೀರಿ.”