ಭಂಡಾರ ಹಿಡಿದವರ ಕುಕ್ಕರ್

ಕುಳಗೇರಿ ಕ್ರಾಸಿನ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಸಂಗತಿಯೆಂದರೆ, ೧೯೭೮ರಲ್ಲಿ ಅಮಸಿದ್ದಪ್ಪನ ಮನೆಯ ಕುಕ್ಕರ್ ಮೊದಲ ಸೀಟಿ ಹೊಡೆದದ್ದು. ಮೂವರನ್ನು ಸದಸ್ಯರನ್ನಾಗಿ ಮಾಡಿದ್ದಕ್ಕೆ ಒಂದು ಸರಪಳಿ ಸ್ಕೀಮಿನ ಕಂಪನಿ ಕೊಟ್ಟ ಬಹುಮಾನ ಅದು. ಆ ಮೂವರೂ ತಲಾ ಮೂವರನ್ನು ತರಬೇಕಿತ್ತು. ಮಾತು ತಪ್ಪಬಾರದೆಂದು ಅಮಸಿದ್ದಪ್ಪ ಅವರ ಕೈಗೆ ಮನೆದೇವರು ಬೀರಪ್ಪನ ಭಂಡಾರದ ಅರಿಶಿನ ಕೊಟ್ಟು ಆಣೆ ಮಾಡಿಸಿದ್ದ. ಅಷ್ಟು ಜಾಣತನ ಕಂಪನಿಗೂ ಇರಲಿಲ್ಲ.

ವರ್ಷ ತುಂಬುವುದರೊಳಗೆ ಸರಕಾರ ಇಂಥ ಸರಪಳಿ ವ್ಯಾಪಾರವನ್ನೇ ನಿಷೇಧಿಸಿತು. ಇನ್ನು ಹೊಸಬರನ್ನು ಸೇರಿಸಿಕೊಂಡವನಿಗೆ ಜೈಲು ಎಂದು ಹವಾಲ್ದಾರ ಯಮನಪ್ಪ ಮನೆಗೇ ಬಂದು ಹೇಳುತ್ತ ಕೂತಿದ್ದಾಗ, ಆಣೆ ಮಾಡಿದವರಲ್ಲಿ ಒಬ್ಬನಾದ ಬೀಗ ಹುಲ್ಲಪ್ಪ ತನ್ನ ಪಾಲಿನ ಮೂವರನ್ನು ಕರೆದುಕೊಂಡು ಬಾಗಿಲಿಗೆ ಬಂದ.

"ಬೀಗರ, ಅದು ಬಂದ್ ಆಗೇತ್ರಿ. ಇವರನ್ನ ವಾಪಸ್ ಕರಕೊಂಡು ಹೋಗ್ರಿ," ಎಂದ ಅಮಸಿದ್ದಪ್ಪ.

"ಸರಕಾರ ಬಂದ್ ಮಾಡೇತಿ. ಬೀರಪ್ಪ ಮಾಡ್ಯಾನೇನ್ರಿ?" ಎಂದ ಹುಲ್ಲಪ್ಪ. "ಭಂಡಾರ ಕೊಟ್ಟಾವ್ರು ನೀವು. ಈಗ ಒಲ್ಲೆ ಅಂದ್ರ ಆಣಿ ಮುರದಾವ್ರೂ ನೀವ ಆಗ್ತೀರಿ. ನನ್ನ ಮಗಳು ನಿಮ್ಮ ಮನಿ ಸೊಸಿ, ಆ ಪಾಪ ಆಕೀಗೂ ತಟ್ಟತೈತಿ."

ಹವಾಲ್ದಾರ ಮೀಸೆ ತೀಡಿದ. "ಹೂಂ ಅಂದ್ರ ನನ್ನ ಕೂಡ ಬಾದಾಮಿ ಠಾಣೆಗೆ ಬರಬೇಕಾಗ್ತದ. ಲಗೂ ಹೇಳೋ ತಮ್ಮಾ, ಬಸ್ಸಿನ ಟೈಮ್ ಆತು."

ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಅಮಸಿದ್ದಪ್ಪ ಬೀಗನನ್ನು ನೋಡಿದ, ಹವಾಲ್ದಾರನನ್ನು ನೋಡಿದ, ಕೊನೆಗೆ ದೇವರ ಮುಂದಿನ ಭಂಡಾರದ ಚೀಲ ನೋಡಿದ.

"ಬರ್ರಿ ಒಳಗ, ಸೇರಿಸ್ಕೊಂಡೇನಿ," ಎಂದು ಆ ಮೂವರಿಗೂ ಹೇಳಿದ.

ಬೀಗರು ಉಂಡರು. ಅಮಸಿದ್ದಪ್ಪ ಬಾದಾಮಿಯ ಬಸ್ಸು ಹತ್ತಿದ.