ದೊರೆಯ ಮೂತಿ

ಆ ಬೀದಿಯವರೆಲ್ಲ ಅವರನ್ನು ಹಲ್ಲುಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ದಂತವೈದ್ಯರು ತೆಗೆದು ಕಳಿಸಿದ ಬಾಯಿಯ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮೇಣ ಕಾಯಿಸಿ, ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಆದರೆ ಎದುರಿಗೆ ಸಿಕ್ಕವರ ಕಣ್ಣು ನೋಡುವ ಮೊದಲು ದವಡೆ ನೋಡುವ ಚಾಳಿ ಅವರದು. ನೋಡಿದ್ದನ್ನು ಹೇಳದೆ ಸುಮ್ಮನಿರುವ ಜಾಯಮಾನವೂ ಅಲ್ಲ. ಹೆಂಡತಿಯನ್ನು ಮೊದಲ ಸಲ ಕಂಡಾಗ ಅವರ ಬಾಯಿಂದ ಬಂದದ್ದು, "ನಿಮ್ಮ ಕೆಳದವಡೆ ಬಹಳ ಚೆನ್ನಾಗಿದೆ" ಎಂಬ ಮಾತು. ಆಕೆ ಇವತ್ತಿಗೂ ಅದನ್ನು ನೆಂಟರ ಮುಂದೆ ಹೇಳಿ ಗಂಡನ ಮಾನ ಕಳೆಯುತ್ತಾರೆ.

ಇಂಥ ಕಣ್ಣು ಬುಲ್‌ಡಾಗ್‌ಗಳ ಮೇಲೆ ಬಿದ್ದರೆ ಕೇಳಬೇಕೆ? ಬುಲ್‌ಡಾಗ್ ಹೇಗಿರಬೇಕು ಎಂದು ನಾಯಿ ಸಾಕುವವರ ಕ್ಲಬ್ಬಿನವರು ಒಂದು ಪುಸ್ತಕ ಮಾಡಿದ್ದರು. ತಲೆ ದಪ್ಪಗಿರಬೇಕು, ಮೂತಿ ಗಿಡ್ಡಗಿರಬೇಕು, ಮೂಗು ಹಿಂದಕ್ಕೆ ಹುದುಗಿರಬೇಕು, ಕೆಳದವಡೆ ಮುಂದಕ್ಕೆ ಚಾಚಿರಬೇಕು. ಮೇಷ್ಟ್ರಿಗೆ ಅದು ಬಾಯಿಪಾಠ. ಗಿಡ್ಡ ಮೂತಿಯ ಗಂಡಿಗೆ ಇನ್ನೂ ಗಿಡ್ಡ ಮೂತಿಯ ಹೆಣ್ಣನ್ನು ಹುಡುಕಿ ಕೂಡಿಸಿದರು. ಹುಟ್ಟಿದ ಮರಿಗಳಲ್ಲಿ ಅತಿ ಗಿಡ್ಡ ಮೂತಿಯದನ್ನು ಇಟ್ಟುಕೊಂಡರು, ಮತ್ತೆ ಕೂಡಿಸಿದರು. ಹೀಗೆ ಅರ್ಧ ಆಯಸ್ಸು ಸವೆಸಿದ ಮೇಲೆ ಹುಟ್ಟಿದವನು ದೊರೆ. ಪಕ್ಕದಿಂದ ನೋಡಿದರೆ ಅವನ ಮುಖ ಗೋಡೆಯಷ್ಟು ಸಪಾಟು. ಎರಡು ದೊಡ್ಡ ಶ್ವಾನ ಪ್ರದರ್ಶನಗಳಲ್ಲಿ ಗೆದ್ದಿದ್ದ. ಬರುವ ಭಾನುವಾರ ಮೂರನೆಯದನ್ನು ಗೆದ್ದರೆ ಚಾಂಪಿಯನ್ ಪಟ್ಟ.

ಆ ಮನೆಯಲ್ಲಿ ಗಡಿಯಾರದ ಸದ್ದು ಯಾರೂ ಕೇಳಿದವರಿಲ್ಲ. ಮಲಗಿದರೂ ಗೊರಗೊರ, ಎದ್ದರೂ ಗೊರಗೊರ. ಮರಿ ಹಾಕಿದ ಕಾಲದಲ್ಲಿ ಮೇಷ್ಟ್ರು ಬೆಳಗ್ಗೆ ಎದ್ದವರೇ ಮರಿಗಳ ಪೆಟ್ಟಿಗೆಯ ಪಕ್ಕ ಕಣ್ಣು ಮುಚ್ಚಿ ನಿಂತು ಕಿವಿಗೊಡುತ್ತಿದ್ದರು. ಜೋರಾಗಿ ಗೊರಗುಟ್ಟುವುದು ಗಟ್ಟಿ ಮರಿ, ಸದ್ದು ಕಡಿಮೆಯಾದರೆ ಏನೋ ಕಾಯಿಲೆ. ಅವರೊಬ್ಬರೇ ಅಲ್ಲ, ಕ್ಲಬ್ಬಿನಲ್ಲಿ ಬುಲ್‌ಡಾಗ್ ಸಾಕುವವರೆಲ್ಲ ಮರಿ ಪರೀಕ್ಷೆ ಮಾಡುತ್ತಿದ್ದುದು ಹೀಗೇ. ಈ ಸಲ ಮನೆಯ ಹೆಣ್ಣುನಾಯಿ ಚಿನ್ನಿ ಹೆತ್ತ ಮರಿಗಳಲ್ಲಿ ಒಂದು ಸದ್ದೇ ಮಾಡುತ್ತಿರಲಿಲ್ಲ. ಎತ್ತಿ ಕಿವಿಗೆ ಹಿಡಿದರು. ಊಹೂಂ. ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಹೆಂಡತಿಯ ಚಪ್ಪಲಿಯನ್ನೇ ಮೆಟ್ಟಿಕೊಂಡು, ತಂಗಿಯ ಆಸ್ಪತ್ರೆಗೆ ಓಡಿದರು.

ತಂಗಿ ಪಶುವೈದ್ಯೆ. ಚಿನ್ನಿಯ ಒಂದು ಹೆರಿಗೆಯೂ ತಾನಾಗಿ ಆದದ್ದಲ್ಲ. ಮರಿಗಳ ತಲೆ ಅಷ್ಟು ದಪ್ಪ, ತಾಯಿಯ ಸೊಂಟ ಅಷ್ಟು ಸಣ್ಣ. ಪ್ರತಿಸಲವೂ ಹೊಟ್ಟೆ ಕೊಯ್ದು ಮರಿ ತೆಗೆದವಳು ಇವಳೇ. ಮರಿಯನ್ನು ಮೇಜಿನ ಮೇಲೆ ಬಿಟ್ಟು ಸ್ಟೆತಾಸ್ಕೋಪ್ ಇಟ್ಟಳು. ಬಾಯಿ ತೆರೆದು ನೋಡಿದಳು. ಆಮೇಲೆ ಅಣ್ಣನ ಕಾಲಿನಲ್ಲಿದ್ದ ಚಪ್ಪಲಿ ನೋಡಿದಳು.

"ಇದಕ್ಕೇನೂ ಆಗಿಲ್ಲ ಅಣ್ಣ."

"ಉಸಿರಾಡೋ ಸದ್ದೇ ಇಲ್ವಲ್ಲೇ!"

"ಉಸಿರಾಡೋಕೆ ಸದ್ದು ಯಾಕೆ ಬೇಕು? ನೀನು ಉಸಿರಾಡ್ತಿದೀಯಲ್ಲ, ಗೊರಗೊರ ಅಂತಿದೀಯಾ?" ಮರಿಯನ್ನು ಪಕ್ಕಕ್ಕೆ ತಿರುಗಿಸಿದಳು. "ಮೂತಿ ನೋಡು, ಒಂಚೂರು ಉದ್ದ ಇದೆ. ಹೊಳ್ಳೆ ತೆರೆದಿದೆ. ನಿನ್ನ ಮನೇಲಿ ನೆಟ್ಟಗೆ ಉಸಿರಾಡೋದು ಇದೊಂದೇ. ಇದನ್ನೇ ಕಾಯಿಲೆ ಅಂತ ಹೊತ್ಕೊಂಡು ಬಂದಿದೀಯ."

ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ. ತಂಗಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಸಣ್ಣ ಬಾಯಿಗೆ ದೊಡ್ಡ ಸೆಟ್ಟು ತುರುಕಿದ್ರೆ ಏನಾಗುತ್ತೆ, ನೀನೇ ಹೇಳು. ಬುರುಡೆ ಗಿಡ್ಡ ಮಾಡಿದ್ರಿ, ಒಳಗಿನ ಮಾಂಸ ಗಿಡ್ಡ ಆಗ್ಲಿಲ್ಲ. ಅಂಗುಳ ಹಿಂದಕ್ಕೆ ಜೋತು ಗಂಟಲಿಗೆ ಅಡ್ಡ ಬಿದ್ದಿದೆ. ದೊರೆಗಂತೂ ಜಾಗಾನೇ ಇಲ್ಲ. ನಾಳೆ ಕರ್ಕೊಂಡು ಬಾ, ಅಷ್ಟನ್ನ ಕತ್ತರಿಸಿ ತೆಗೀತೀನಿ."

"ಗಂಟಲಿಗೆ ಕತ್ತರಿ ಹಾಕಿದ್ರೆ ಪ್ರದರ್ಶನಕ್ಕೆ ಬಿಡಲ್ಲ ಕಣೇ. ಹುಟ್ಟಿದ ರೂಪ ತಿದ್ದಿದ ಹಾಗಾಗುತ್ತೆ, ಅದು ಮೋಸ ಅಂತ ನಿಯಮ."

"ಓಹೋ. ಚಿನ್ನಿ ಹೊಟ್ಟೆ ಎಷ್ಟು ಸಲ ಕೊಯ್ದಿದೀನಿ, ಅದು ಮೋಸ ಅಲ್ಲ. ಉಸಿರಾಡ್ಲಿ ಅಂತ ಗಂಟಲು ಸರಿಮಾಡಿದ್ರೆ ಮೋಸ. ಚೆನ್ನಾಗಿದೆ ನಿಮ್ಮ ನ್ಯಾಯ."

"ಭಾನುವಾರ ಒಂದು ಕಳೀಲಿ. ಸೋಮವಾರ ನಾನೇ ಕರ್ಕೊಂಡು ಬರ್ತೀನಿ."

"ಬಿಸಿಲಲ್ಲಿ ಓಡಿಸ್ತೀರಿ. ಬಿದ್ರೆ ಏಳಲ್ಲ ಅವನು. ಹೇಳಿಲ್ಲ ಅನ್ನಬೇಡ."

ಮನೆಗೆ ಬಂದ ಮೇಲೆ ಮೇಷ್ಟ್ರಿಗೆ ನೆಮ್ಮದಿಯಿಲ್ಲ. ಇಷ್ಟು ವರ್ಷ ಕಿವಿಗೆ ಇಂಪಾಗಿದ್ದದ್ದು ಈಗ ಯಾರೋ ಕತ್ತು ಅದುಮಿಸಿಕೊಂಡು ಒದ್ದಾಡುವ ಸದ್ದಾಗಿ ಕೇಳಿಸತೊಡಗಿತು. ದೊರೆ ಎಂದಿನಂತೆ ಕೂತುಕೊಂಡೇ, ಗದ್ದವನ್ನು ಕುರ್ಚಿಯ ಅಡ್ಡಪಟ್ಟಿಗೆ ಆನಿಸಿ ತೂಕಡಿಸುತ್ತಿದ್ದ. ಅವನು ಹಾಗೆ ಮಲಗುವ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಬಂದವರೆಲ್ಲ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು.

ತಂಗಿ ಹೇಳಿದ್ದನ್ನೆಲ್ಲ ಕೇಳಿದ ಹೆಂಡತಿ ದೊರೆಯನ್ನೇ ನೋಡುತ್ತ ಕೂತರು. "ಅಡ್ಡ ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಕೂತು ಮಲಗ್ತಾನೇನ್ರೀ ಇವನು?" ಎಂದರು. "ನಾವು ಇದನ್ನ ನೋಡಿ ನಗ್ತಿದ್ವಲ್ಲ."

"ಭಾನುವಾರ ಒಂದು ಕಳೀಲಿ," ಎಂದರು ಮೇಷ್ಟ್ರು. ಅರ್ಧ ಆಯಸ್ಸು ಹಾಕಿ ಮಾಡಿದ ಮೂತಿಗೆ ಒಂದು ಭಾನುವಾರ ಹೆಚ್ಚೇ ಎಂದು ಅವರ ಮನಸ್ಸು ವಾದ ಹೂಡುತ್ತಿತ್ತು. ವಾದ ಹೂಡುವ ಮನಸ್ಸಿಗೆ ಲಾಯರು ಬೇಕಿಲ್ಲ.

ಭಾನುವಾರ ಬಿಸಿಲು ನೆತ್ತಿ ಸುಡುತ್ತಿತ್ತು. ಮೈದಾನದಲ್ಲಿ ಯಾರನ್ನು ಕೇಳಿದರೂ ನಾಯಿ ಭೇಷಾಗಿದೆ ಎಂದೇ ಹೇಳುವವರು. ಆದರೆ ಬುಲ್‌ಡಾಗಿನವರ ಸಾಮಾನು ನೋಡಿದರೆ ಯಾವುದೋ ಆಸ್ಪತ್ರೆಯ ವಾರ್ಡಿಗೆ ಬಂದ ಹಾಗಿತ್ತು: ಐಸಿನ ಡಬ್ಬಿ, ಒದ್ದೆ ಟವೆಲ್ಲು, ಬ್ಯಾಟರಿ ಫ್ಯಾನು. ಶಾಮಿಯಾನದ ನೆರಳು ಸರಿದಂತೆಲ್ಲ ಎಲ್ಲರೂ ನಾಯಿ ಸಮೇತ ಸರಿಯುತ್ತಿದ್ದರು. ತಂಗಿ ಚೀಲ ಹಿಡಿದುಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದಳು. ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ.

ಮೇಷ್ಟ್ರನ್ನು ಹುಡುಕಿಕೊಂಡು ಬಂದವರು ಕಂಡಕ್ಟರಮ್ಮ. ಬಸ್ಸಿನಲ್ಲಿ ಕಂಡಕ್ಟರು, ಒಂಟಿ ಜೀವ. ಹಿಂದಿನ ವರ್ಷ ದೊರೆಯ ಮರಿಯೊಂದನ್ನು ಇವರಿಂದಲೇ ಕೊಂಡು ಯುವರಾಜ ಎಂದು ಹೆಸರಿಟ್ಟಿದ್ದರು. ಅಪ್ಪನ ಪಡಿಯಚ್ಚು. ಅವನಿಗೂ ಪ್ರದರ್ಶನ ಹೊಸತು, ಅವರಿಗೂ ಹೊಸತು.

"ಸರ್, ಇವತ್ತು ಯಾಕೋ ಸದ್ದು ಜಾಸ್ತಿ ಮಾಡ್ತಿದಾನೆ. ಏನೂ ತೊಂದ್ರೆ ಇಲ್ಲ ತಾನೇ?"

ಮೇಷ್ಟ್ರು ಕಿವಿಗೊಟ್ಟರು. ಅಪ್ಪನದಕ್ಕಿಂತ ಕೆಟ್ಟದಾಗಿತ್ತು. ಉಸಿರು ಎಳೆದುಕೊಳ್ಳುವ ಕೊನೆಯಲ್ಲಿ ಸಣ್ಣಗೆ ಸಿಳ್ಳೆ. ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದಲ್ಲಿ ಟವೆಲ್ಲು ಹಿಂಡುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಇತ್ತ ತಿರುಗಿದ. ದೊರೆಯ ವಂಶಕ್ಕೇ ಕಳಂಕ ತರುವ ಮಾತು ಇವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಊರೆಲ್ಲ ಡಂಗುರ.

"ಅದು ನಮ್ಮ ಮನೆತನದ ದನಿ ಕಂಡಕ್ಟರಮ್ಮ," ಎಂದು ಮಾತು ತೇಲಿಸಿದರು. "ಅಪ್ಪನ ಹಾಗೇ."

ಕಂಡಕ್ಟರಮ್ಮನ ಮುಖ ಅರಳಿತು. "ಹಾಗಾದ್ರೆ ಸರಿ ಬಿಡಿ. ನೀವು ಹೇಳಿದ ಮೇಲೆ ಮುಗೀತು."

ತೀರ್ಪುಗಾರರು ಒಂದೊಂದೇ ನಾಯಿಯ ದವಡೆ ಅದುಮಿ, ತಲೆಯ ಸುತ್ತ ಕೈಯಾಡಿಸಿ ನೋಡಿದರು. ದೊರೆಯ ಮೂತಿಯ ಮುಂದೆ ಬಹಳ ಹೊತ್ತು ನಿಂತು ತಲೆದೂಗಿದರು. ಒಂದು ಸುತ್ತು ಓಡಿಸಿದರು. ಉಳಿದವರನ್ನೆಲ್ಲ ಕಳಿಸಿ ಇಬ್ಬರನ್ನು ಉಳಿಸಿಕೊಂಡರು: ದೊರೆ, ಯುವರಾಜ.

"ಇನ್ನೊಂದು ಸುತ್ತು," ಎಂದರು.

ಮೇಷ್ಟ್ರು ಕೆಳಗೆ ನೋಡಿದರು. ದೊರೆಯ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಮುಂಗಾಲು ಅಗಲಿಸಿ ನಿಂತು, ಕಣ್ಣು ಬಿಳಿ ಮಾಡಿಕೊಂಡು ಇವರನ್ನೇ ನೋಡುತ್ತಿದ್ದ. ಹೇಳಿದರೆ ಅವನು ಓಡುತ್ತಾನೆ. ಎಂದೂ ಇಲ್ಲವೆಂದವನಲ್ಲ. ಮೇಷ್ಟ್ರಿಗೆ ಪಟ್ಟವೂ ಬೇಡ, ಏನೂ ಬೇಡ ಎನಿಸಿತು. ತೀರ್ಪುಗಾರರಿಗೆ ಕೈಯೆತ್ತಿ ತೋರಿಸಿ, ಆ ಭಾರದ ಪ್ರಾಣಿಯನ್ನು ಎರಡೂ ತೋಳುಗಳಿಂದ ಬಾಚಿ ಎತ್ತಿಕೊಂಡು, ಸುತ್ತಲಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಹಗ್ಗ ದಾಟಿ ಹೊರಗೆ ಬಂದರು.

ನೆರಳಿನಲ್ಲಿ ಕೂತು ನೀರು ಸುರಿದರು. ತಂಗಿ ಓಡಿ ಬಂದು ಐಸು ಹಚ್ಚಿದಳು. ನಿಧಾನವಾಗಿ ನಾಲಿಗೆ ಕೆಂಪಗಾಯಿತು. "ಈಗಲಾದ್ರೂ ಬುದ್ಧಿ ಬಂತಲ್ಲ," ಎನ್ನುತ್ತ ಆಕೆ ಅಣ್ಣನ ಬೆನ್ನಿನ ಮೇಲೆ ಕೈಯಿಟ್ಟಳು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಎದೆ ಹಗುರಾಯಿತು. ಸುಳ್ಳು ಯಾಕೆ ಹೇಳಬೇಕು, ತಮ್ಮ ಬಗ್ಗೆ ತಮಗೇ ಒಂದಿಷ್ಟು ಹೆಮ್ಮೆಯೂ ಆಯಿತು. ದೊರೆ ಉಳಿದ ಸಂತೋಷದಲ್ಲಿ ಮೈದಾನದಲ್ಲಿ ಇನ್ನೊಬ್ಬ ಉಳಿದಿದ್ದಾನೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಹಿಂದೆ ಚಪ್ಪಾಳೆ ಕೇಳಿತು. ತಿರುಗಿ ನೋಡಿದರು. ಎದುರಾಳಿಯೇ ಇಲ್ಲದಿದ್ದರೂ ಸುತ್ತು ಸುತ್ತೇ ಎಂದು ತೀರ್ಪುಗಾರರು ಯುವರಾಜನನ್ನು ಓಡಿಸಿದ್ದರು. ಕಂಡಕ್ಟರಮ್ಮ ಒಂದು ಕೈಯಲ್ಲಿ ಕಪ್ಪು ಹಿಡಿದು, ಇನ್ನೊಂದು ಕೈಯಿಂದ ಯುವರಾಜನನ್ನು ಫೋಟೋಗೆ ನಿಲ್ಲಿಸುತ್ತಿದ್ದರು. ಅವನು ನಿಲ್ಲಲಿಲ್ಲ. ಹಿಂಗಾಲು ಮಡಿಸಿ ಕೂತ, ಆಮೇಲೆ ಪಕ್ಕಕ್ಕೆ ಒರಗಿದ. ಸುಸ್ತಾಗಿರಬೇಕು ಎಂದುಕೊಂಡು ಫೋಟೋದವನು ಕಾದ.

ಮೇಷ್ಟ್ರು ಕೂಗುವ ಮೊದಲೇ ತಂಗಿ ಓಡುತ್ತಿದ್ದಳು. ನೀರು ಹುಯ್ದಳು, ಬಾಯಿ ಅಗಲಿಸಿ ಉಸಿರಿನ ನಳಿಗೆ ಇಳಿಸಲು ನೋಡಿದಳು. ಗಂಟಲೆಲ್ಲ ಬಾತು ಮುಚ್ಚಿಕೊಂಡಿತ್ತು, ನಳಿಗೆ ದಾರಿ ಸಿಗಲಿಲ್ಲ. ಕೊನೆಗೆ ಕತ್ತು ಕೊಯ್ದು ನಳಿಗೆ ಇಟ್ಟಳು. ಇಟ್ಟ ಮೇಲೂ ಎದೆ ಒತ್ತುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಕೈ ತೆಗೆದು ಯುವರಾಜನ ಕಣ್ಣು ಮುಚ್ಚಿದಳು.

ಜನ ಚದುರಿದರು. ಮುಂದಿನ ಜಾತಿಯ ನಾಯಿಗಳನ್ನು ಮೈಕಿನಲ್ಲಿ ಕರೆಯುತ್ತಿದ್ದರು. ಕಂಡಕ್ಟರಮ್ಮ ಯುವರಾಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಲ್ಲಿನ ಮೇಲೆ ಕೂತಿದ್ದರು. ಮೇಷ್ಟ್ರು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು.

"ನನ್ನದೇ ತಪ್ಪು ಸರ್," ಎಂದರು ಕಂಡಕ್ಟರಮ್ಮ. "ನನಗೆ ಓಡಿಸೋಕೆ ಬರಲಿಲ್ಲ. ಹೊಸಬಳು ನೋಡಿ. ನೀವು ಕೊಟ್ಟ ನಾಯಿನ ಹಾಳು ಮಾಡಿಬಿಟ್ಟೆ."

ಒಂದು ಗಳಿಗೆ, ಒಂದೇ ಗಳಿಗೆ, ಆ ಮಾತನ್ನು ಹಾಗೇ ಇರಗೊಟ್ಟು ಎದ್ದುಹೋಗಿಬಿಡಬಹುದು ಎಂದು ಮೇಷ್ಟ್ರಿಗೆ ಅನಿಸಿತು. ತಂಗಿ ಕೈ ಒರೆಸಿಕೊಳ್ಳುತ್ತ ಅವರನ್ನೇ ನೋಡುತ್ತಿದ್ದಳು.

"ನಿಮ್ಮ ತಪ್ಪಲ್ಲ ಕಂಡಕ್ಟರಮ್ಮ. ಬೆಳಗ್ಗೆ ನೀವು ಕೇಳಿದಾಗ್ಲೇ ನನಗೆ ಗೊತ್ತಿತ್ತು, ಹೇಳಲಿಲ್ಲ. ಇವನಿಗೆ ಉಸಿರಾಡೋಕೆ ಜಾಗ ಇರಲಿಲ್ಲ. ಈ ಮೂತಿಯಿಂದಾನೇ ಹೀಗಾಯ್ತು. ಈ ಮೂತಿನ ಹೀಗೆ ಮಾಡಿದವನು ನಾನು."

ಕಂಡಕ್ಟರಮ್ಮ ಕೇಳಿಸಿಕೊಂಡರೋ ಇಲ್ಲವೋ, ಯುವರಾಜನ ಮೂಗಿನ ಮೇಲಿನ ಮಡಿಕೆಯನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದರು. ಸೆರಗಿನಿಂದ ಅವನ ಬಾಯಿ ಒರೆಸಿದರು. ಆಮೇಲೆ ತಲೆಯೆತ್ತಿ, ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟೇ ಸಂಕೋಚದಿಂದ ಕೇಳಿದರು.

"ಗೊತ್ತು ಸರ್, ನೀವೇ ಮಾಡಿದ್ದು ಅಂತ. ಅದಕ್ಕೇ ಬೇರೆ ಯಾರನ್ನೂ ಕೇಳಲ್ಲ ನಾನು. ಇವನ ಹಾಗೇ ಇರೋದು, ಇದೇ ಮುಖದ್ದು, ಇನ್ನೊಂದು ಮರಿ ಇದ್ರೆ ಕೊಡ್ತೀರಾ?"